ಈ ಸೆಟ್ ಆ ಸೆಟ್ ಅಲ್ಲ

ಹಿಟ್ಟಿನ ಕೋಲು ಪಾತ್ರೆಯೊಳಗೆ ನಾಲ್ಕನೆಯ ಸುತ್ತು ಹೊರಟಿದ್ದಾಗ ಹಜಾರದಿಂದ ನಾಗರಾಜುವಿನ ಕೂಗು ಬಂತು. ಸೆಟ್ಟಿನ ಫೈಲು ಎಲ್ಲಿ ಎಂದು ಅವನು ಕೇಳುತ್ತಿದ್ದ.

ಮುದ್ದೆಗೆ ಹಿಟ್ಟು ತಿರುವುತ್ತಿರುವ ಹೆಂಗಸನ್ನು ಆ ಐದು ನಿಮಿಷ ಯಾರೂ ಏನನ್ನೂ ಕೇಳಬಾರದು. ಕೈ ನಿಂತರೆ ಗಂಟಾಗುತ್ತದೆ. ಗಂಟಾದ ಮುದ್ದೆಯನ್ನು ಬೆಸಗರಹಳ್ಳಿಯ ಯಾವ ಗಂಡಸಾದರೂ ಸುಮ್ಮನೆ ನುಂಗಿದ ಉದಾಹರಣೆ ಇಲ್ಲ. ಹಾಗಾಗಿ ವನಜಾ ಎಡಗೈಗೆ ಬಟ್ಟೆ ಸುತ್ತಿ ಪಾತ್ರೆಯ ಕಂಠ ಹಿಡಿದುಕೊಂಡು, ಬಲಗೈಯಲ್ಲಿ ಕೋಲು ಒತ್ತುತ್ತ, ಹಿಂದಕ್ಕೆ ತಿರುಗದೆ “ಬೀರುನಲ್ಲಿ ನೋಡಿ” ಅಂದಳು. ಅದಕ್ಕಿಂತ ಹೆಚ್ಚು ಹೇಳಲು ಉಸಿರಿರಲಿಲ್ಲ.

ಬೀರುವಿನಲ್ಲಿ ಎರಡು ಫೈಲುಗಳಿದ್ದವು.

ಒಂದು ಅವಳ ಗಂಡ ನಾಗರಾಜುವಿನದು. ಹೊಲದ ಬೋರ್‌ವೆಲ್ಲಿಗೆ ಹದಿನಾರು ವರ್ಷದಿಂದ ಯಾರನ್ನೂ ಕೇಳದೆ ಎಳೆದುಕೊಂಡಿದ್ದ ಕರೆಂಟನ್ನು ಈಗ ಸಕ್ರಮ ಮಾಡಿಸಿಕೊಳ್ಳಲು ಪಂಪ್‌ಸೆಟ್ಟಿನ ಅರ್ಜಿ, ಪಹಣಿ, ನಕಾಶೆ. ಅದನ್ನು ಫೈಲು ಎನ್ನುವುದು ಔದಾರ್ಯ. ಗೊಬ್ಬರದಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರು, ಮೇಲೊಂದು ಎಲೆಕೋಸಿನ ಚಿತ್ರ. ಇನ್ನೊಂದು ವನಜಾಳದು. ನೀಲಿ ರಟ್ಟು, ಬಿಳಿ ದಾರ, ಮೇಲೆ ಗುಂಡು ಅಕ್ಷರದಲ್ಲಿ ‘ಸೆಟ್ – ಒರಿಜಿನಲ್’. ಅದರೊಳಗೆ ಹತ್ತನೇ ತರಗತಿಯಿಂದ ಎಂ.ಎ. ತನಕದ ಅಂಕಪಟ್ಟಿಗಳು, ಅವುಗಳ ಮೇಲೆ ಸೆಟ್ ಪರೀಕ್ಷೆಯ ಫಲಿತಾಂಶ. ಕಾಲೇಜಿನಲ್ಲಿ ಪಾಠ ಮಾಡಬೇಕೆನ್ನುವವರು ಪಾಸು ಮಾಡಿರಲೇಬೇಕಾದ ಪರೀಕ್ಷೆ ಅದು. ಮಳವಳ್ಳಿಯ ಒಂದು ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಕನ್ನಡದ ಅತಿಥಿ ಉಪನ್ಯಾಸಕಿಯಾಗಿರುವ ವನಜಾಗೆ, ಸೆಟ್ ಇಲ್ಲದವರು ಮುಂದಿನ ವರ್ಷ ಬರಬೇಕಾಗಿಲ್ಲ ಎಂದು ಹೇಳಿದ್ದರು. ಹದಿನಾಲ್ಕು ವರ್ಷ ಉಳಿದ ಅತಿಥಿಯನ್ನು ಎಬ್ಬಿಸಿ ಕಳಿಸುವುದಕ್ಕೆ ಅದೊಂದು ಮರ್ಯಾದೆಯ ವಿಧಾನ.

ಅವಳು ನಲವತ್ತಾರನೆಯ ವಯಸ್ಸಿನಲ್ಲಿ, ಬಸ್ಸಿನ ಕಿಟಕಿಗೆ ತಲೆಯಾನಿಸಿಕೊಂಡು ಓದಿ, ಮೂರನೆಯ ಸಲಕ್ಕೆ ಪಾಸು ಮಾಡಿದ್ದಳು. ಗುರುವಾರ ಬೆಂಗಳೂರಿನಲ್ಲಿ ಒರಿಜಿನಲ್ ತೋರಿಸಬೇಕಿತ್ತು. ತೋರಿಸಿದವರಿಗೆ ಸರ್ಟಿಫಿಕೇಟು, ಸರ್ಟಿಫಿಕೇಟು ಇದ್ದವರಿಗೆ ಕೆಲಸ. ಇವತ್ತು ಮಂಗಳವಾರ.

ನಾಗರಾಜು ಕೆಟ್ಟವನಲ್ಲ. ಅವನಿಗೆ ಎಲ್ಲವೂ ಅರ್ಧ ಕೇಳಿಸುತ್ತದೆ, ಅರ್ಧ ಕಾಣಿಸುತ್ತದೆ. ಉಳಿದ ಅರ್ಧವನ್ನು ತಾನೇ ಧಾರಾಳವಾಗಿ ಸೇರಿಸಿಕೊಳ್ಳುತ್ತಾನೆ. ಹೋದ ವರ್ಷ ವೈದ್ಯನಾಥಪುರದಲ್ಲಿ ಒಬ್ಬರ ತಿಥಿ ಊಟಕ್ಕೆ ಹೋಗಿ, ಪೆಂಡಾಲು ನೋಡಿದೊಡನೆ ಮದುವೆ ಎಂದು ತೀರ್ಮಾನಿಸಿ, ತೀರಿಕೊಂಡವರ ಮಗನ ಕೈಗೆ ಮುಯ್ಯಿ ಕವರು ಕೊಟ್ಟು “ಒಳ್ಳೇದಾಗ್ಲಿ ಕಣಪ್ಪ” ಎಂದು ಬಂದವನು. ಅಂಥವನು ಬೀರು ತೆರೆದು ‘ಸೆಟ್’ ಎಂಬ ಎರಡಕ್ಷರ ಕಂಡ ಮೇಲೆ ಮೂರನೆಯದನ್ನು ಓದುವ ಅಗತ್ಯವೇನಿತ್ತು? ತನ್ನ ಕಾಗದಗಳನ್ನು ಹೆಂಡತಿಯೇ ಅಚ್ಚುಕಟ್ಟಾಗಿ ರಟ್ಟಿಗೆ ಹಾಕಿಟ್ಟಿದ್ದಾಳೆ ಎಂಬ ಮಿಕ್ಕ ಅರ್ಧವನ್ನು ತಾನೇ ಸೇರಿಸಿಕೊಂಡ. ವನಜಾ ಮುದ್ದೆಯನ್ನು ಮಣೆಯ ಮೇಲೆ ಬೋರಲು ಹಾಕಿ, ಕೈ ನೀರಿಗದ್ದಿ ಉಂಡೆ ಕಟ್ಟುವಷ್ಟರಲ್ಲಿ ಅವನ ಬೈಕು ಮದ್ದೂರಿನ ದಾರಿ ಹಿಡಿದಿತ್ತು.

ಇಲ್ಲಿ ಒಂದು ಮಾತು. ಹೆಂಡತಿ ಪರೀಕ್ಷೆ ಪಾಸಾದ ವಿಷಯವನ್ನು ಮನೆಯವರಿಂದ ಮುಚ್ಚಿಟ್ಟದ್ದರಿಂದ ಹೀಗಾಯಿತು ಎಂದು ಯಾರೂ ಹೇಳುವಂತಿಲ್ಲ. ಅವಳು ಹೇಳಿದ್ದಳು. ಭಾನುವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕುಳಿತಿದ್ದಾಗ, ಸಾರು ಬಡಿಸುತ್ತ, ಸ್ಪಷ್ಟವಾಗಿ ಹೇಳಿದ್ದಳು.

“ನಂದು ಸೆಟ್ ಆಯ್ತು.”

ಅತ್ತೆ ದೇವಿರಮ್ಮ ಕೂಡಲೇ ತಲೆಯೆತ್ತಿದರು. ಅವರಿಗೆ ಯುಗಾದಿಯಿಂದ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಮಂಡ್ಯದ ಡಾಕ್ಟರೊಬ್ಬರು ಅಚ್ಚು ತೆಗೆದುಕೊಂಡು ಹಲ್ಲಿನ ಸೆಟ್ಟು ಮಾಡಿಕೊಡುತ್ತೇನೆಂದಿದ್ದರು. ‘ನಂದು’ ಎಂಬುದನ್ನು ಬಿಟ್ಟು ಮಿಕ್ಕದ್ದನ್ನು ಕೇಳಿಸಿಕೊಂಡ ದೇವಿರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅದು ಯಾವತ್ತು ಕೈಗೆ ಬರುತ್ತದೆ, ಕಬ್ಬು ಅಗಿಯಬಹುದೋ ಇಲ್ಲವೋ ಎಂದು ವಿಚಾರಿಸಿದರು. ನಾಗರಾಜು ಬೆರಳಲ್ಲಿ ಮುರಿದ ಮುದ್ದೆಯನ್ನು ಹಾಗೇ ಹಿಡಿದುಕೊಂಡು, ಸೆಟ್ಟು ಆಯ್ತು ಅಂತ ಹೇಳಿದವರು ಯಾರು, ಲೈನ್‌ಮನ್ ಕರಿಯಯ್ಯನಾ ಎಂದ. ಸೋಮನಹಳ್ಳಿಯಿಂದ ಬಂದಿದ್ದ ನಾದಿನಿ ಕವಿತ ಮಾತ್ರ ಅತ್ತಿಗೆಯ ಕೊರಳನ್ನೇ ನೋಡಿದಳು. ವನಜಾಳ ಕೆಂಪು ಕಲ್ಲಿನ ಸೆಟ್ಟು, ಅಂದರೆ ಹಾರ, ಓಲೆ, ಜೋಡಿ ಬಳೆ, ಪಾಲಿಶ್‌ಗೆ ಹೋಗಿತ್ತು. ಬರುವ ವಾರ ಗಂಡನ ಮನೆಯ ಕಡೆಯ ಗೃಹಪ್ರವೇಶಕ್ಕೆ ಅದನ್ನು ಹಾಕಿಕೊಂಡು ಹೋಗುವುದೆಂದು ಕವಿತ ಮೂರು ತಿಂಗಳ ಹಿಂದೆಯೇ ನಿಶ್ಚಯಿಸಿದ್ದಳು. ಪಾಲಿಶ್ ಚೆನ್ನಾಗಿ ಕೂತಿದೆಯಾ ಅತ್ತಿಗೆ ಎಂದಳು.

ವನಜಾ “ಅಲ್ಲ, ಪರೀಕ್ಷೆ” ಅಂದಳು.

“ಪರೀಕ್ಷೆ ಮುಗ್ದೋಯ್ತಾ? ಹಂಗಾರೆ ನಿಂಗೆ ರಜ. ಕಬ್ಬಿಗೆ ಆಳು ಬತ್ತವೆ, ಅನ್ನಕ್ಕಿಡಕ್ಕೆ ಒಳ್ಳೇದಾಯ್ತು ಬುಡು” ಅಂದ ನಾಗರಾಜು.

ಅಷ್ಟರಲ್ಲಿ ಸಾರು ಮುಗಿಯಿತು. ವನಜಾ ತರಲು ಒಳಗೆ ಹೋದಳು. ಘೋಷಣೆ ಅಲ್ಲಿಗೆ ಮುಕ್ತಾಯವಾಯಿತು.

ಮಂಗಳವಾರ ಎಂಟೂಕಾಲಿಗೆ, ಜೆರಾಕ್ಸ್ ಮಾಡಿಸಿಕೊಳ್ಳೋಣವೆಂದು ಬೀರು ತೆರೆದಾಗ ಅಲ್ಲಿ ಎಲೆಕೋಸಿನ ಚಿತ್ರ ಮಾತ್ರ ಇತ್ತು. ಅವಳು ಕವರನ್ನು ಎತ್ತಿ ಹಿಂದೆ ನೋಡಿದಳು, ಸೀರೆಗಳ ಮಡಿಕೆ ನೋಡಿದಳು, ಕೊನೆಗೆ ಎಲೆಕೋಸನ್ನೇ ನೋಡುತ್ತ ನಿಂತಳು. ಆಮೇಲೆ ಗಂಡನಿಗೆ ಫೋನು ಮಾಡಿದಳು. ನಾಲ್ಕನೆಯ ಸಲಕ್ಕೆ ಎತ್ತಿದ. ಫೈಲು ಕೊಟ್ಟಾಯಿತು, ಸೀಲು ಬಿತ್ತು, ಒಂದೇ ನಿಮಿಷದಲ್ಲಿ ಕೆಲಸ ಮುಗಿಯಿತು ಎಂದು ಸಂತೋಷದಿಂದ ವರದಿ ಮಾಡಿದ.

“ಅದು ನನ್ನ ಸೆಟ್ಟು ಕಣ್ರೀ.”

“ನಿಂದು ನಂದು ಅಂತ ಏನದೆ ಇದ್ರಲ್ಲಿ? ಎಲ್ಲಾ ಮನೇದೆ ಕಣಮ್ಮಿ.”

ಇಷ್ಟು ಉದಾತ್ತವಾದ ಮಾತನ್ನು ಅವನು ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಆಡಿದ್ದು ಅದೇ ಮೊದಲು. ವನಜಾ ಅತ್ತೇಬಿಟ್ಟಳು. ಹೋಯ್ತು, ನನ್ನ ಸೆಟ್ಟು ಹೋಯ್ತು ಎಂದು ಮಾತ್ರ ಹೇಳಲಾಯಿತು. ಎಲೆಕೋಸಿನ ಕವರನ್ನು ಬ್ಯಾಗಿಗೆ ತುರುಕಿಕೊಂಡು ಅವಳು ಬಸ್ಸಿಗೆ ಓಡಿದಳು.

ಹೆಂಡತಿ ಅಳುವುದನ್ನು ನಾಗರಾಜು ಅಪರೂಪಕ್ಕೆ ಕೇಳಿದ್ದ. ಗಾಬರಿಯಾಗಿ ತಾಯಿಗೆ ಫೋನು ಮಾಡಿ, ವನಜನ ಸೆಟ್ಟು ಹೋಗ್ಬುಟ್ಟದಂತೆ, ಅಳ್ತಾವಳೆ ಎಂದ. ದೇವಿರಮ್ಮನಿಗೆ ಕಿವಿ ಮಂದ. ಫೋನನ್ನು ಯಾವಾಗಲೂ ಗಟ್ಟಿಯಾಗಿ ಕೇಳುವಂತೆ ಇಟ್ಟಿರುತ್ತಾರೆ. ಆ ಹೊತ್ತಿಗೆ ಪಕ್ಕದ ಮನೆಯ ಪುಟ್ಟತಾಯಮ್ಮ ಕರಿಬೇವು ಕೇಳಲು ಬಂದಿದ್ದಳು. ಇದಾದ ಮೇಲೆ ಸುದ್ದಿ ಯಾವ ಯಾವ ದಿಕ್ಕಿಗೆ ಹೋಯಿತು ಎಂಬುದಕ್ಕೆ ಒಂದು ನಕಾಶೆ ಬರೆಯಬಹುದು.

ದೇವಿರಮ್ಮ ತಮ್ಮ ಹಲ್ಲು ಬಸ್ಸಿನಲ್ಲಿ ಕಳೆದುಹೋಯಿತೆಂದು ತಿಳಿದು ಜಗಲಿಯ ಮೇಲೆ ಕುಳಿತುಬಿಟ್ಟರು. ಇನ್ನೊಬ್ಬರ ಹಲ್ಲು ಯಾವನಿಗೆ ಬೇಕಾಗಿತ್ತು, ಅವನ ಬಾಯಿಗೆ ಹಿಡಿಸುತ್ತದೆಯೇ ಎಂಬುದೊಂದೇ ಅವರ ಪ್ರಶ್ನೆ. ಪುಟ್ಟತಾಯಮ್ಮ ಕರಿಬೇವು ಮರೆತು ಮನೆಗೆ ಹೋಗಿ, ಕೆಂಪು ಕಲ್ಲಿನ ಸೆಟ್ಟು ಕಳುವಾಯಿತೆಂದು ಸೋಮನಹಳ್ಳಿಯ ಕವಿತಳಿಗೆ ಫೋನು ಮಾಡಿದಳು. ಅದೇ ಮಾತನ್ನು ಹಾಲಿನ ಡೈರಿಯ ಮುಂದೆಯೂ ಹೇಳಿದಳು. ಡೈರಿಯ ಮುಂದೆ ಕ್ಯಾನುಗಳ ಸದ್ದು ಹೆಚ್ಚು. ಕೇಳಿಸಿಕೊಂಡ ಕರಿಯಪ್ಪ ಎಂಬುವನು ಇಂದಿನ ಕಾಲದ ಮಾತು ಬಲ್ಲವನು. ಹುಡುಗ ಹುಡುಗಿಯರು ಜೊತೆಯಾದರೆ ‘ಸೆಟ್ಟಾದರು’ ಎನ್ನುವುದು ಅವನಿಗೆ ಗೊತ್ತಿತ್ತು. ಮೇಷ್ಟ್ರಮ್ಮನಿಗೆ ಮಳವಳ್ಳಿಯಲ್ಲಿ ಯಾರೋ ಸೆಟ್ಟಾಗಿದ್ದನಂತೆ, ಅವನು ಬಿಟ್ಟು ಹೋದನಂತೆ, ಪಾಪ ಬಸ್ಸಿನ ತನಕ ಅತ್ತುಕೊಂಡು ಓಡಿದಳು, ನಾನೇ ಕಣ್ಣಾರೆ ಕಂಡೆ ಎಂದು ಅವನು ಹೇಳಿದ. ಅವಳು ಓಡಿದ್ದು ನಿಜ, ಅತ್ತದ್ದೂ ನಿಜ. ಹೀಗೆ ಪ್ರತ್ಯಕ್ಷ ಸಾಕ್ಷಿಯೂ ಒದಗಿತು. ಊರಿನ ಗೌರವಕ್ಕೆ ಒಂದು ಮಾತು ಹೇಳಬೇಕು: ಡೈರಿಯ ಮುಂದೆ ಯಾರೂ ಅವಳನ್ನು ಬಯ್ಯಲಿಲ್ಲ. ಈ ವಯಸ್ಸಲ್ಲಿ ಹಿಂಗೆ ಕೈ ಕೊಡಬಾರದಾಗಿತ್ತು ಎಂದು ಇಬ್ಬರು ಅವನನ್ನೇ ಬಯ್ದರಂತೆ.

ವನಜಾ ಬಸ್ಸಿನಲ್ಲಿ ನಿಂತುಕೊಂಡೇ ಕಾಲೇಜಿಗೆ ರಜೆ ಹೇಳಿದಳು. ಸೆಟ್ಟಿನದೊಂದು ತೊಂದರೆ ಎಂದದ್ದಕ್ಕೆ ಆ ಕಡೆಯಿಂದ, ‘ಎ’ ಸೆಟ್ಟೋ ‘ಬಿ’ ಸೆಟ್ಟೋ, ಪ್ರಶ್ನೆಪತ್ರಿಕೆ ಬಯಲಾಗಿಲ್ಲ ತಾನೇ ಎಂದು ಆತಂಕದ ಪ್ರಶ್ನೆ ಬಂತು. ಅವಳು ಫೋನು ಆಫ್ ಮಾಡಿದಳು.

ಮದ್ದೂರಿನ ಕಲ್ಯಾಣಮಂಟಪವೊಂದರಲ್ಲಿ ಪಂಪ್‌ಸೆಟ್ ಸಕ್ರಮದ ಶಿಬಿರ ನಡೆಯುತ್ತಿತ್ತು. ಅದು ಶಿಬಿರದ ಕೊನೆಯ ದಿನ. ಶಿಬಿರಕ್ಕೆ ಮುಂಚೆ ನಡೆದ ಮದುವೆಯ ಗಂಡುಹೆಣ್ಣಿನ ಹೆಸರುಗಳು ವೇದಿಕೆಯ ಮೇಲೆ ಹೂವಿನಲ್ಲಿ ಇನ್ನೂ ಇದ್ದವು. ಅವುಗಳ ಕೆಳಗೆ, ವಧೂವರರ ಕುರ್ಚಿಯಲ್ಲಿ, ಒಬ್ಬ ಗುಮಾಸ್ತ ಸೀಲು ಹಿಡಿದು ಕೂತಿದ್ದ. ಬಾಗಿಲಲ್ಲಿ ನಾಗರಾಜು ನಿಂತಿದ್ದ. ಅವನ ಪಕ್ಕದಲ್ಲಿ, ಸೋಮನಹಳ್ಳಿಯಿಂದ ಸಿಕ್ಕಿದ ಬಸ್ಸು ಹತ್ತಿ ಬಂದ ಕವಿತ, ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು.

“ಅತ್ತಿಗೆ, ಓಲೆ ಆದ್ರೂ ಉಳ್ದವಾ?”

ವನಜಾ ಅವಳನ್ನು ದಾಟಿಕೊಂಡು ಒಳಗೆ ಹೋಗಿ, ಬೆಳಿಗ್ಗೆ ಕೊಟ್ಟ ಸೆಟ್ಟಿನ ಫೈಲು ಬೇರೆಯದು, ಅದನ್ನು ವಾಪಸ್ಸು ಕೊಡಿ ಎಂದು ಗುಮಾಸ್ತನನ್ನು ಕೇಳಿದಳು. ಗುಮಾಸ್ತ ತಲೆಯೆತ್ತದೆ, ಯಾವ ಸೆಟ್ಟು, ಮೂರು ಎಚ್‌ಪಿಯದೋ ಐದರದೋ ಎಂದ.

“ಕನ್ನಡದ್ದು” ಅಂದಳು ವನಜಾ.

ಗುಮಾಸ್ತ ಈಗ ತಲೆಯೆತ್ತಿದ. “ಆ ಕಂಪನಿ ಸೆಟ್ಟು ನಮ್ ಕಡೆ ಯಾರೂ ಹಾಕ್ಸಿಲ್ಲ ಕಣಮ್ಮ” ಅಂದ.

ಅವನಿಂದ ತಿಳಿದುಬಂದದ್ದು ಇಷ್ಟು. ಶಿಬಿರದಲ್ಲಿ ಫೈಲು ಓದುವ ಪದ್ಧತಿ ಇಲ್ಲ, ಎಣಿಸುವುದು ಮಾತ್ರ. ಪಂಪ್‌ಸೆಟ್ಟಿನ ಅರ್ಜಿಗೆ ಹನ್ನೊಂದು ಹಾಳೆ ಇರಬೇಕು. ನಾಗರಾಜು ಕೊಟ್ಟ ಫೈಲಿನಲ್ಲಿ ಬರೆದ ಹಾಳೆಗಳು ಸರಿಯಾಗಿ ಹನ್ನೊಂದಿದ್ದವು. ಇಷ್ಟು ಅಚ್ಚುಕಟ್ಟಾದ ಫೈಲು ಶಿಬಿರಕ್ಕೆ ಬಂದೇ ಇಲ್ಲವೆಂದು ಅದನ್ನು ಎಲ್ಲಕ್ಕಿಂತ ಮೇಲಿಟ್ಟು, ಒಂಬತ್ತೂವರೆಯ ಜೀಪಿನಲ್ಲಿ ಮಂಡ್ಯಕ್ಕೆ ಕಳಿಸಿಯಾಗಿತ್ತು. ಒಳ್ಳೆಯ ಕೈಬರಹಕ್ಕೆ ಆ ದಿನ ಸಿಕ್ಕ ಮೊದಲ ಮನ್ನಣೆ ಇದು.

ಮೂವರೂ ಮಂಡ್ಯದ ಬಸ್ಸು ಹತ್ತಿದರು. ಕವಿತ ಕಿಟಕಿ ಹಿಡಿದಳು. ವನಜಾ ಗಂಡನ ಪಕ್ಕ ಕೂತು, ಹೆದ್ದಾರಿಯ ಗಾಳಿಯಲ್ಲಿ, ಮೊದಲಿನಿಂದ ನಿಧಾನವಾಗಿ ಹೇಳಿದಳು. ಸೆಟ್ ಎಂದರೆ ಒಂದು ಪರೀಕ್ಷೆ. ಅದನ್ನು ಬರೆಯಲು ಎರಡು ಸಲ ಸುಳ್ಳು ಹೇಳಿ ಮೈಸೂರಿಗೆ ಹೋಗಿದ್ದೆ, ಮೂರನೆಯ ಸಲ ಯಾರೂ ಕೇಳಲಿಲ್ಲವಾದ್ದರಿಂದ ಸುಳ್ಳೂ ಬೇಕಾಗಲಿಲ್ಲ. ಈಗ ಪಾಸಾಗಿದೆ. ಆ ಕಾಗದಗಳು ಗುರುವಾರಕ್ಕೆ ಸಿಗದಿದ್ದರೆ ಕೆಲಸ ಹೋಗುತ್ತದೆ. ನಾಗರಾಜು ತಲೆಯಾಡಿಸುತ್ತ ಪೂರ್ತಿ ಕೇಳಿದ. ಅವನು ಇಷ್ಟು ಹೊತ್ತು ಕೇಳಿದ್ದನ್ನು ಕಂಡು ಅವಳಿಗೆ ಒಂದು ಕ್ಷಣ ಜೀವ ಬಂದಂತಾಯಿತು.

ಕಂಡಕ್ಟರು ಬಂದು ಹೋದ ಮೇಲೆ ಅವನು ಅವಳ ಕಿವಿಯ ಹತ್ತಿರ ಬಗ್ಗಿ ಸಮಾಧಾನ ಹೇಳಿದ.

“ಯೋಚ್ನೆ ಮಾಡ್ಬ್ಯಾಡ ಕಣಮ್ಮಿ. ಮಂಡ್ಯದಲ್ಲಿ ಯಾರ್ನಾರ ಇಡ್ದು ಸೆಟ್ ಮಾಡ್ಬುಡಣ.”

ವನಜಾ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕೂತಳು. ಆ ಪದಕ್ಕೆ ಇನ್ನೆಷ್ಟು ಅರ್ಥಗಳು ಉಳಿದಿವೆಯೋ, ಎಲ್ಲವನ್ನೂ ಇವತ್ತೇ ಮುಗಿಸಿಕೊಂಡು ಮನೆಗೆ ಹೋಗುವುದಾದರೆ ಹೋಗೋಣ ಎನ್ನುವಂತೆ.

ಮಂಡ್ಯದ ಆ ಕಚೇರಿಯಲ್ಲಿ ಪಂಪ್‌ಸೆಟ್ಟಿನ ಫೈಲುಗಳನ್ನು ನೋಡುವವರು ತಿರುನಾರಾಯಣ ಎಂಬ ಸೂಪರಿಂಟೆಂಡೆಂಟರು. ಹಣೆಯಲ್ಲಿ ನಾಮ, ನಿವೃತ್ತಿಗೆ ಏಳು ತಿಂಗಳು. ಅವರ ವಿರುದ್ಧ ಇಡೀ ಕಚೇರಿಗೆ ಇದ್ದ ಒಂದೇ ದೂರು ಎಂದರೆ ಅವರು ಫೈಲುಗಳನ್ನು ಓದುತ್ತಾರೆ ಎಂಬುದು. ಮೊದಲ ಹಾಳೆಯಿಂದ ಕೊನೆಯ ಹಾಳೆಯ ತನಕ, ಅಡಿಟಿಪ್ಪಣಿ ಸಮೇತ. ಮೂವತ್ತಮೂರು ವರ್ಷ ಹೀಗೆ ಓದಿ ಓದಿ ಅವರ ಮೇಜಿನ ಸುತ್ತ ಫೈಲಿನ ಗೋಡೆಗಳೆದ್ದು, ಅವರ ಕುರ್ಚಿಗೆ ಹೋಗಲು ಒಂದು ಓಣಿ ಮಾತ್ರ ಉಳಿದಿತ್ತು. ಓಣಿಯ ಬಾಯಲ್ಲಿ ನಾಗರಾಜು, ಅವನ ಹಿಂದೆ ಕವಿತ. ವನಜಾ ಒಳಗೆ ಹೋದಳು.

ನೀಲಿ ಫೈಲು ಮೇಜಿನ ಮೇಲೆ ತೆರೆದಿತ್ತು.

ತಿರುನಾರಾಯಣರು ಅದರ ಮೇಲೆ ಆಗಲೇ ಟಿಪ್ಪಣಿ ಬರೆದು ಮುಗಿಸಿದ್ದರು. ವನಜಾ ತಲೆಕೆಳಗಾಗಿ ಓದಿದಳು. ‘ಅರ್ಜಿದಾರರು ಬೋರ್‌ವೆಲ್ಲಿನ ಆಳ, ಪಂಪಿನ ಸಾಮರ್ಥ್ಯ ಹಾಗೂ ಬೆಳೆಯ ಬಗ್ಗೆ ಯಾವುದೇ ದಾಖಲೆ ಒದಗಿಸಿರುವುದಿಲ್ಲ. ಆದರೆ ಹಳಗನ್ನಡದಲ್ಲಿ ಎಂಬತ್ತೊಂದು ಅಂಕ ಪಡೆದಿರುತ್ತಾರೆ. ಮುಂದಿನ ಆದೇಶ ಕೋರಿದೆ.’

ಅವಳು ತಾನೇ ಆ ಅರ್ಜಿದಾರಳೆಂದು ಹೇಳಿದಳು. ಎಲೆಕೋಸಿನ ಕವರನ್ನು ಬ್ಯಾಗಿನಿಂದ ತೆಗೆದು, ಪಂಪಿನ ಸೆಟ್ಟಿನ ಕಾಗದಗಳು ಇವು, ದಯವಿಟ್ಟು ಇವನ್ನು ಇಟ್ಟುಕೊಂಡು ಅವನ್ನು ಕೊಡಿ ಎಂದಳು. ತಿರುನಾರಾಯಣರು ಎಲೆಕೋಸನ್ನು ಎರಡೂ ಕಡೆ ನೋಡಿ, ಒಳಗಿನ ಹಾಳೆ ಎಣಿಸಿ, ಶಿಬಿರದ ನೋಂದಣಿ ಸಂಖ್ಯೆಯನ್ನು ಅದಕ್ಕೆ ವರ್ಗಾಯಿಸಿದರು. ಹಾಗೆ ನಾಗರಾಜುವಿನ ಅರ್ಜಿ, ಕೊನೆಯ ದಿನ, ಸರಿಯಾದ ಮೇಜಿಗೆ ಬಂದು ಸೇರಿತು. ಓಣಿಯ ಬಾಯಲ್ಲಿದ್ದ ನಾಗರಾಜು ಆಗ ಗೋಡೆಯ ಮೇಲಿದ್ದ ಫ್ಯಾನು ಯಾಕೆ ಗರಗರ ಎನ್ನುತ್ತಿದೆ ಎಂದು ನೋಡುತ್ತಿದ್ದ. ಮನೆಯಲ್ಲಿ ಎರಡು ಫೈಲು ಇದ್ದವೆಂಬ ಸಂಗತಿ ಅವನಿಗೆ ಇವತ್ತಿಗೂ ತಿಳಿದಿಲ್ಲ.

ಆಮೇಲೆ ವನಜಾ ತನ್ನ ಹಾಳೆಗಳನ್ನು ಕೈಗೆತ್ತಿಕೊಂಡಳು. ಎತ್ತಿಕೊಂಡವಳು ಒಂದೊಂದಾಗಿ ತಿರುವಿದಳು.

ಪ್ರತಿ ಹಾಳೆಯ ಬಲ ಮೂಲೆಯಲ್ಲಿ ನೇರಳೆ ಶಾಯಿಯ ಮುದ್ರೆ ಇತ್ತು. ‘ಅನಧಿಕೃತ ಸೆಟ್.’ ಹತ್ತನೇ ತರಗತಿಯ ಅಂಕಪಟ್ಟಿಯ ಮೇಲೆ ಅನಧಿಕೃತ ಸೆಟ್. ಬಿ.ಎ. ಮೇಲೆ, ಎಂ.ಎ. ಮೇಲೆ, ಅನಧಿಕೃತ ಸೆಟ್. ಫಲಿತಾಂಶದ ಹಾಳೆಯ ಮೇಲೆ, ಅವಳ ಹೆಸರಿಗೆ ತಾಗಿದಂತೆ, ಎರಡು ಸಲ. ಒಂದು ಸರಿಯಾಗಿ ಮೂಡಿರಲಿಲ್ಲವೆಂದು ಇನ್ನೊಮ್ಮೆ ಒತ್ತಿದ್ದರು.

ಮುದ್ರೆ ಬೀಳದ ಹಾಳೆ ಒಂದೇ ಇತ್ತು. ಮುಂದಿನ ವರ್ಷಕ್ಕೆ ಯಾವ ಕಾಲೇಜು ಬೇಕೆಂದು ಗುರುವಾರ ಬರೆದುಕೊಡಬೇಕಾದ ನಮೂನೆ. ಅವಳು ಅದನ್ನು ಇನ್ನೂ ತುಂಬಿರಲಿಲ್ಲ. ಏನೂ ಬರೆಯದ ಹಾಳೆಯನ್ನು ಗುಮಾಸ್ತ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹದಿನಾಲ್ಕು ವರ್ಷವೂ ಅವಳು ಅಂಥ ಹಾಳೆಯಲ್ಲಿ ಮಳವಳ್ಳಿ ಎಂದೇ ಬರೆದಿದ್ದಳು, ಸಾಯಂಕಾಲ ಐದೂಮುಕ್ಕಾಲಿನ ಬಸ್ಸು ಹಿಡಿದರೆ ಹಿಟ್ಟಿಗೆ ಎಸರಿಡುವ ಹೊತ್ತಿಗೆ ಮನೆ ಸೇರಬಹುದೆಂದು. ಹೋದ ವಾರ, ಹಿಂದೊಮ್ಮೆ ಅವಳ ಜೊತೆ ಕೆಲಸ ಮಾಡಿ ಈಗ ಹಾಸನದಲ್ಲಿರುವ ಗೌತಮಿ ಫೋನು ಮಾಡಿ, ಸೆಟ್ ಆದವರು ಯಾವ ಊರನ್ನಾದರೂ ಕೇಳಬಹುದು, ಇಲ್ಲಿ ಕನ್ನಡಕ್ಕೆ ಜಾಗ ಖಾಲಿ ಇದೆ, ನಾನಿರುವ ಮನೆಯಲ್ಲಿ ಒಂದು ಕೋಣೆಯೂ ಇದೆ ಎಂದಿದ್ದಳು. ಆಮೇಲೆ ತಾನೇ ನಕ್ಕು, ನಿಮಗೆಲ್ಲಿ ಆಗುತ್ತೆ ಬಿಡಿ ವನಜಾ ಎಂದು ಮಾತು ಬದಲಿಸಿದ್ದಳು. ವನಜಾಳೂ ನಕ್ಕಿದ್ದಳು.

ಮುದ್ರೆ ಅಳಿಸಲು ಆಗುತ್ತದೆಯೇ ಎಂದು ಕೇಳಿದಳು. ತಿರುನಾರಾಯಣರು, ಮುದ್ರೆ ಒತ್ತುವ ಅಧಿಕಾರ ಕೆಳಗಿನವರಿಗೂ ಇದೆ, ಅಳಿಸುವ ಅಧಿಕಾರ ಮೇಲಿನವರಿಗೂ ಇಲ್ಲ ಎಂದು ನಿಜವಾದ ವಿಷಾದದಿಂದ ಹೇಳಿದರು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಯೋಚಿಸಿದರು. ಆಮೇಲೆ ಒಂದು ಬಿಳಿ ಹಾಳೆ ಎಳೆದುಕೊಂಡು, ತಮ್ಮ ಕೈಯಿಂದಲೇ ಬರೆದು, ಸಹಿ ಮಾಡಿ, ಕಚೇರಿಯ ದೊಡ್ಡ ದುಂಡು ಮುದ್ರೆ ಒತ್ತಿದರು. ಇಷ್ಟು ಬೇಗ ಅವರು ಇನ್ನೊಂದು ಕಾಗದ ಮುಗಿಸಿದ್ದನ್ನು ಆ ಕಚೇರಿ ಕಂಡಿರಲಿಲ್ಲ.

‘ಶ್ರೀಮತಿ ವನಜಾ ಅವರ ಶೈಕ್ಷಣಿಕ ದಾಖಲೆಗಳ ಮೇಲೆ ಕಣ್ತಪ್ಪಿನಿಂದ ಬಿದ್ದಿರುವ ಮುದ್ರೆಯನ್ನು ಪರಿಗಣಿಸಬಾರದಾಗಿ ಕೋರಿದೆ. ಸದರಿಯವರು ಉತ್ತೀರ್ಣರಾಗಿರುವ ಸೆಟ್, ನೀರೆತ್ತುವ ಸೆಟ್ ಆಗಿರುವುದಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ.’

ಹಾಳೆ ಅವಳ ಕೈಗೆ ಕೊಟ್ಟು, ಅವರು ಕನ್ನಡಕ ತೆಗೆದರು.

“ಮೂರನೇ ಸಲಕ್ಕೆ ಆಗಿದೆ ಅಲ್ವಾಮ್ಮ? ಹಳೇ ಎರಡು ಹಾಲ್ ಟಿಕೆಟ್ಟೂ ಒಳಗಿತ್ತು, ನೋಡಿದೆ. ಬಿಡದೆ ಬರೆದಿದೀರಿ. ನನಗೆ ತುಂಬ ಸಂತೋಷವಾಯ್ತು. ಮನೇಲೂ ಎಲ್ಲರೂ ಸಂತೋಷಪಟ್ಟಿರಬೇಕು.”

ವನಜಾಳ ಕಣ್ಣು ಮೇಜಿನ ಮೇಲಿತ್ತು. ಹೂಂ ಸಾರ್ ಎಂದಳು.

“ಸೆಟ್ ಪಾಸಾಗೋದು ಅಂದ್ರೆ ಹುಡುಗಾಟವಲ್ಲ ಕಣಮ್ಮ” ಅಂದರು ತಿರುನಾರಾಯಣರು, ಈ ಸಲ ಸ್ವಲ್ಪ ಗಟ್ಟಿಯಾಗಿ.

ಓಣಿಯ ಬಾಯಿಂದ ನಾಗರಾಜು ಮುಖ ಅರಳಿಸಿಕೊಂಡು ಒಳಗೆ ನುಗ್ಗಿದ.

“ಪಾಸಾಯ್ತಾ ಸಾ? ಹಂಗಾರೆ ಕನೆಕ್ಷನ್ ಯಾವತ್ತು ಕೊಡ್ತೀರಿ?”

ತಿರುನಾರಾಯಣರು ಅವನನ್ನು ನೋಡಿದರು. ಆಮೇಲೆ ವನಜಾಳನ್ನು ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಮುಂದಿನ ಫೈಲಿನ ಮೊದಲ ಹಾಳೆ ತಿರುಗಿಸಿದರು. ಮೂವತ್ತಮೂರು ವರ್ಷ ಓದಿದ ಮನುಷ್ಯನಿಗೆ ಓದಬಾರದ್ದು ಯಾವುದೆಂದೂ ಗೊತ್ತಿರುತ್ತದೆ.

ಮುಂದಿನದೆಲ್ಲ ಸಂಭ್ರಮ. ನಾಗರಾಜು ಕಚೇರಿಯ ಮೆಟ್ಟಿಲ ಮೇಲೆಯೇ ನಿಂತು ಊರಿಗೆ ಫೋನು ಮಾಡಿ ಸೆಟ್ ಪಾಸಾಯ್ತು ಎಂದು ಕೂಗಿದ. ಕೆಂಪು ಕಲ್ಲಿನ ಸೆಟ್ಟು ಪಾಲಿಶ್ ಅಂಗಡಿಯಲ್ಲೇ ಸುರಕ್ಷಿತವಾಗಿದೆಯೆಂದು ತಿಳಿದ ಕವಿತ, ಅಷ್ಟಕ್ಕೆ ನಿಲ್ಲದೆ ಅಂಗಡಿಗೇ ಹೋಗಿ ಅದನ್ನು ಕಣ್ಣಾರೆ ಕಂಡು, ಕಂಡ ಮೇಲೆ ಬಿಟ್ಟುಬರಲಾಗದೆ ತೆಗೆದುಕೊಂಡೇ ಬಂದಳು. ಬರುವಾಗ ಮದ್ದೂರಿನಲ್ಲಿ ಇಳಿದು ನಾಗರಾಜು ವಡೆ ಕಟ್ಟಿಸಿದ, ಎರಡು ಡಜನ್, ಬೈಕಿನ ಹ್ಯಾಂಡಲಿಗೆ ನೇತುಹಾಕಿದ. ಹೆಂಡತಿಯ ಕೈಗೂ ಒಂದು ವಡೆ ಕೊಟ್ಟು, ನೀನು ಬರದೇ ಹೋಗಿದ್ದರೆ ಈ ಕೆಲಸ ಆಗುತ್ತಿರಲಿಲ್ಲ, ದೊಡ್ಡ ಆಫೀಸರ ಹತ್ತಿರ ನಿನ್ನ ಮಾತು ನಡೆಯಿತು ಎಂದು ಮನಸ್ಸು ತುಂಬಿ ಹೊಗಳಿದ. ಅಷ್ಟು ಒಳ್ಳೆಯ ಮಾತನ್ನು ತಿದ್ದಲು ಅವಳಿಗೆ ಶಕ್ತಿ ಉಳಿದಿರಲಿಲ್ಲ. ವಡೆ ತಿಂದಳು. ಗರಿಯಾಗಿತ್ತು.

ಬೆಸಗರಹಳ್ಳಿಯಲ್ಲಿ ಜಗಲಿ ತುಂಬ ಜನ. ಪುಟ್ಟತಾಯಮ್ಮ ಮರೆತ ಕರಿಬೇವನ್ನು ನೆಪ ಮಾಡಿಕೊಂಡು ಬಂದಿದ್ದಳು. ಡೈರಿಯ ಕರಿಯಪ್ಪ ವನಜಾಳ ಮುಖವನ್ನು ಕನಿಕರದಿಂದ ನೋಡಿ, ಹೋದವನು ಹೋದ, ಗಂಡ ದೇವರಂಥವನು, ವಡೆ ತಂದಿದ್ದಾನೆ ಎಂದು ಯಾರಿಗೂ ಅರ್ಥವಾಗದಂತೆ ಸಾಂತ್ವನ ಹೇಳಿದ. ದೇವಿರಮ್ಮ ಮಾತ್ರ ಮುಖ ತಿರುಗಿಸಿ ಕೂತಿದ್ದರು. ಎಲ್ಲರ ಸೆಟ್ಟೂ ಬಂತು, ಹೊಲದ್ದು ಬಂತು, ಕೊರಳಿನದು ಬಂತು, ನನ್ನದನ್ನು ಕೇಳುವವರಿಲ್ಲ ಎಂಬುದು ಅವರ ಸಂಕಟ. ವಡೆಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟ ಮೇಲೆ ತುಸು ಇಳಿಯಿತು.

ಎಲ್ಲರ ಸೆಟ್ಟೂ ಬಂತು. ಅತ್ತೆಯದೊಂದು ಬಿಟ್ಟರೆ ಲೆಕ್ಕ ಸರಿಯಾಗಿತ್ತು; ವನಜಾಳದು ಆ ಲೆಕ್ಕದಲ್ಲೇ ಇರಲಿಲ್ಲ.

ವನಜಾ ಒಳಗೆ ಹೋಗಿ ನೀಲಿ ಫೈಲನ್ನು ಬೀರುವಿನಲ್ಲಿಡಲಿಲ್ಲ. ನಾಳಿದ್ದು ಉಡುವ ಸೀರೆಯ ಜೊತೆ ಬ್ಯಾಗಿನಲ್ಲಿಟ್ಟಳು. ಇಡುವ ಮೊದಲು ರಟ್ಟಿನ ಮೇಲಿನ ‘ಸೆಟ್ – ಒರಿಜಿನಲ್’ ಎಂಬ ಚೀಟಿಯನ್ನು ಉಗುರಿನಿಂದ ಎಬ್ಬಿಸಿ, ಅಲ್ಲಿ ತನ್ನ ಹೆಸರು ಬರೆದಳು. ಇನಿಷಿಯಲ್ಲು ಇಲ್ಲದೆ, ಬರೀ ವನಜಾ. ಆ ಪದಕ್ಕಾದರೂ ಈ ಮನೆಯಲ್ಲಿ ಒಂದೇ ಅರ್ಥ ಇದ್ದೀತು.

ಆಮೇಲೆ ಎಸರಿಟ್ಟಳು. ನೀರು ಕುದಿಯಿತು, ಹಿಟ್ಟು ಸುರಿದಳು, ನಡುವೆ ಕೋಲು ನಿಲ್ಲಿಸಿದಳು, ಬೇಯಲು ಬಿಟ್ಟಳು. ಎಡಗೈಗೆ ಬಟ್ಟೆ ಸುತ್ತಿಕೊಂಡು ಪಾತ್ರೆಯ ಕಂಠ ಹಿಡಿದಳು. ಮೊದಲನೆಯ ಸುತ್ತು, ಎರಡನೆಯ ಸುತ್ತು. ಜಗಲಿಯಲ್ಲಿ ನಾಗರಾಜು, ದೊಡ್ಡ ಆಫೀಸರು ಎದ್ದು ನಿಂತು ಪಾಸು ಮಾಡಿದರು ಎನ್ನುತ್ತಿದ್ದ. ಮೂರನೆಯ ಸುತ್ತಿನಲ್ಲಿ ಅವಳಿಗೆ ಆ ಖಾಲಿ ಹಾಳೆ ನೆನಪಾಯಿತು. ಅದರಲ್ಲಿ ಊರಿನ ಹೆಸರಿಗೆ ಬಿಟ್ಟಿದ್ದ ಗೆರೆ ಚಿಕ್ಕದು. ಮಳವಳ್ಳಿ ಎಂದು ಬರೆಯುವಾಗ ಪ್ರತಿವರ್ಷ ಕೊನೆಯ ಅಕ್ಷರ ಗೆರೆಯಾಚೆ ಹೋಗುತ್ತಿತ್ತು. ಹಾಸನ ಮೂರೇ ಅಕ್ಷರ, ಸರಾಗವಾಗಿ ಹಿಡಿಸುತ್ತದೆ.

ಗುರುವಾರ ಪೆನ್ನು ಹಿಡಿದಾಗ ಏನು ಬರೆಯುವುದೆಂದು ನಾಲ್ಕನೆಯ ಸುತ್ತಿಗೆ ತೀರ್ಮಾನವಾಗಿತ್ತು. ಕೈ ನಿಲ್ಲಲಿಲ್ಲ. ಒಂದು ಗಂಟೂ ಆಗಲಿಲ್ಲ.

ಜಗಲಿಯಿಂದ ದೇವಿರಮ್ಮ, ಹಿಟ್ಟಾಯ್ತಾ ಅಮ್ಮಿ ಎಂದು ಕೂಗಿದರು.

“ಆಯ್ತು ಅತ್ತೆ” ಅಂದಳು ವನಜಾ.